ಎರಡು ಮಿಲಿ ರಕ್ತ, ಇಪ್ಪತ್ತು ನಿಮಿಷ

ಮಳೆಗಾಲದ ರಾತ್ರಿ ಹಾವು ಕಚ್ಚಿದವರನ್ನು ತಾಲ್ಲೂಕು ಆಸ್ಪತ್ರೆಗೆ ಹೊತ್ತು ತಂದಾಗ ಡ್ಯೂಟಿ ಡಾಕ್ಟರು ಮೊದಲು ಮಾಡುವ ಪರೀಕ್ಷೆಗಳಲ್ಲಿ ಒಂದಕ್ಕೆ ಯಂತ್ರ ಬೇಡ, ಕರೆಂಟೂ ಬೇಡ. ತೋಳಿನಿಂದ 2 ಮಿಲಿಲೀಟರ್ ರಕ್ತ ತೆಗೆದು ಗಾಜಿನ ಟೆಸ್ಟ್‌ಟ್ಯೂಬಿಗೆ ಬಿಡುತ್ತಾರೆ. ಟ್ಯೂಬನ್ನು ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ ಗಡಿಯಾರ ನೋಡಿಕೊಳ್ಳುತ್ತಾರೆ. ಇಪ್ಪತ್ತು ನಿಮಿಷ ಅದನ್ನು ಯಾರೂ ಮುಟ್ಟುವಂತಿಲ್ಲ, ಅಲುಗಿಸುವಂತಿಲ್ಲ. ಆಮೇಲೆ ಒಂದು ಸಲ ಓರೆ ಮಾಡಿ ನೋಡುತ್ತಾರೆ. ರಕ್ತ ಗಟ್ಟಿಯಾಗಿ ತಳಕ್ಕೆ ಕೂತಿದ್ದರೆ ಸದ್ಯಕ್ಕೆ ಸಮಾಧಾನ. ಆದರೂ ರೋಗಿಯ ಮೇಲೆ ಕಣ್ಣಿಟ್ಟು, ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡುತ್ತಾರೆ. ನೀರಾಗಿಯೇ ಉಳಿದು ಜಾರಿ ಬಂದರೆ ಕಚ್ಚಿದ್ದು ಬಹುಮಟ್ಟಿಗೆ ಮಂಡಲದ ಹಾವು. ಕೂಡಲೇ ಆಂಟಿವೆನಮ್ ಡ್ರಿಪ್ ಹಾಕುತ್ತಾರೆ.

ಪರೀಕ್ಷೆ ಸುಲಭವೇನೋ ಹೌದು, ಆದರೆ ಒಂದು ವಿಷಯದಲ್ಲಿ ರಾಜಿ ಇಲ್ಲ. ಟ್ಯೂಬು ಗಾಜಿನದೇ ಆಗಬೇಕು. ಶುಭ್ರವಾಗಿ ಒಣಗಿರಬೇಕು, ಸೋಪಿನ ಪುಡಿ ಹಾಕಿ ತೊಳೆದದ್ದಾಗಿರಬಾರದು. ಪ್ಲಾಸ್ಟಿಕ್ ಟ್ಯೂಬಿಗೆ ಹಾಕಿದರೆ ಏನೂ ಆಗದವರ ರಕ್ತವೂ ಇಪ್ಪತ್ತು ನಿಮಿಷದಲ್ಲಿ ಹೆಪ್ಪುಗಟ್ಟದೆ, ವಿಷ ಏರಿದೆ ಎಂದು ಸುಳ್ಳು ಹೇಳಬಹುದು. ಗಾಜಿಗೂ ರಕ್ತಕ್ಕೂ ಏನು ನಂಟು? ಬೆರಳು ಕೊಯ್ದುಕೊಂಡವರ ಗಾಯದಲ್ಲಿ ಗಾಜೇನೂ ಇರುವುದಿಲ್ಲವಲ್ಲ. ಈ ಪ್ರಶ್ನೆಯ ಹಿಂದೆ ಹೋದವರಿಗೆ, ಟೆಸ್ಟ್‌ಟ್ಯೂಬಿನಲ್ಲಿ ಹೆಪ್ಪುಗಟ್ಟುವ ರಕ್ತ ಹಿಡಿಯುವ ದಾರಿಯೇ ಬೇರೆ, ಮೈಯೊಳಗೆ ಹೆಪ್ಪುಗಟ್ಟುವಾಗ ಹಿಡಿಯುವ ದಾರಿಯೇ ಬೇರೆ ಎಂದು ಗೊತ್ತಾಯಿತು. ಆ ಕಥೆಗೆ ಬರುವ ಮೊದಲು ಮೈಯೊಳಗಿನ ದಾರಿಯನ್ನು ನೋಡಿಬಿಡೋಣ.

ಈಳಿಗೆಮಣೆಯ ಮುಂದೆ ಕೂತು ಬದನೆಕಾಯಿ ಹೆಚ್ಚುವಾಗ ಬೆರಳ ತುದಿ ಕೊಯ್ದಿತು ಎನ್ನಿ. ಮೊದಲ ಕೆಲಸ ಕೊಯ್ದ ರಕ್ತನಾಳದ್ದೇ. ಅದರ ಗೋಡೆಯ ಸ್ನಾಯು ಬಿಗಿದುಕೊಂಡು ನಾಳ ಸಪೂರವಾಗುತ್ತದೆ, ಹರಿವು ತಗ್ಗುತ್ತದೆ. ಇದು ಸ್ವಲ್ಪ ಹೊತ್ತಿನ ಉಪಾಯ, ಅಷ್ಟೆ. ಅಸಲು ಕೆಲಸ ನಾಳದ ಒಳಮೈಯಲ್ಲಿ ಶುರುವಾಗುತ್ತದೆ. ರಕ್ತನಾಳದ ಒಳಗೆಲ್ಲ ಒಂದೇ ಒಂದು ಜೀವಕೋಶದಷ್ಟು ದಪ್ಪದ ಅಸ್ತರಿಯಿದೆ. ಅದು ಸುಮ್ಮನೆ ಬಿದ್ದಿರುವ ಅಸ್ತರಿಯಲ್ಲ. ಪ್ರೋಸ್ಟಾಸೈಕ್ಲಿನ್, ನೈಟ್ರಿಕ್ ಆಕ್ಸೈಡ್ ಎಂಬ ರಾಸಾಯನಿಕಗಳನ್ನು ಸದಾ ಒಸರುತ್ತ, ಹಾದುಹೋಗುವ ರಕ್ತಕ್ಕೆ ‘ಇಲ್ಲಿ ಅಂಟಿಕೊಳ್ಳಬೇಡ’ ಎಂದು ಹೇಳುತ್ತಲೇ ಇರುತ್ತದೆ. ಈಳಿಗೆಯ ಅಲಗು ಈ ಅಸ್ತರಿಯನ್ನು ಹರಿದಾಗ ಅದರಡಿಯ ಕೊಲಾಜನ್ ನಾರು ರಕ್ತಕ್ಕೆ ತೆರೆದುಕೊಳ್ಳುತ್ತದೆ.

ಆಗ ಬರುವವು ಪ್ಲೇಟ್‌ಲೆಟ್‌ಗಳು. ಡೆಂಗಿ ಬಂದ ಮೇಲೆ ನಮ್ಮಲ್ಲಿ ಹಳ್ಳಿಯ ಅಜ್ಜಿಗೂ ಇವುಗಳ ಲೆಕ್ಕ ಬಾಯಿಗೆ ಬಂದಿದೆ. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ. ಗಾತ್ರ ಕೆಂಪು ರಕ್ತಕಣದ ಮೂರನೇ ಒಂದು ಭಾಗ. ಒಳಗೆ ಕೋಶಕೇಂದ್ರವೇ ಇಲ್ಲ. ಮೂಳೆಯ ಮಜ್ಜೆಯಲ್ಲಿರುವ ದೈತ್ಯ ಜೀವಕೋಶಗಳಿಂದ ಚೂರು ಚೂರಾಗಿ ಕಳಚಿಕೊಂಡು ಹುಟ್ಟುವ ಇವು ಬದುಕುವುದು ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ಹೊಸವು ಹುಟ್ಟುತ್ತಲೇ ಇರಬೇಕು. ಇಟಲಿಯ ಜೂಲಿಯೊ ಬಿಜೊಜೆರೊ ಜೀವಂತ ಪ್ರಾಣಿಗಳ ಸಣ್ಣ ರಕ್ತನಾಳಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಗಾಯವಾದ ಕಡೆ ಇವು ಬಂದು ಗುಂಪು ಕೂಡುವುದನ್ನು ಕಣ್ಣಾರೆ ಕಂಡು 1882ರಲ್ಲಿ ಬರೆದ. ಅಲ್ಲಿಯವರೆಗೆ ಇವನ್ನು ಬೇರೆ ಕಣಗಳ ಮುರುಕು ಚೂರು ಎಂದು ಕಡೆಗಣಿಸಿದವರೇ ಹೆಚ್ಚು.

ಆದರೆ ರಭಸದಿಂದ ಓಡುವ ರಕ್ತದಲ್ಲಿ ಇಷ್ಟು ಸಣ್ಣ ಕಣ ಗಾಯದ ಬಳಿ ನಿಲ್ಲುವುದಾದರೂ ಹೇಗೆ? ಅದನ್ನು ಹಿಡಿದು ನಿಲ್ಲಿಸಲು ಒಂದು ಉದ್ದನೆಯ ಪ್ರೋಟೀನಿದೆ. ಮಾಮೂಲಿಗೆ ಮುದುಡಿಕೊಂಡು ತೇಲುತ್ತಿರುವ ಅದು ಕೊಲಾಜನ್ನಿಗೆ ತಗುಲಿಕೊಂಡ ಕೂಡಲೇ ಹರಿವಿನ ಸೆಳೆತಕ್ಕೆ ಸಿಕ್ಕಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದಾಗ ಪ್ಲೇಟ್‌ಲೆಟ್‌ಗಳನ್ನು ಹಿಡಿಯುವ ಜಾಗಗಳು ಹೊರಬರುತ್ತವೆ. ಹರಿವು ಜೋರಾದಷ್ಟೂ ಹೆಚ್ಚು ಬಿಚ್ಚುತ್ತದೆ, ಹೆಚ್ಚು ಹಿಡಿಯುತ್ತದೆ. ಇದರ ಹೆಸರು ಫಾನ್ ವಿಲ್ಲೆಬ್ರಾಂಡ್ ಅಂಶ. ಫಿನ್ಲೆಂಡಿನ ವೈದ್ಯ ಎರಿಕ್ ಫಾನ್ ವಿಲ್ಲೆಬ್ರಾಂಡ್ ಬಾಲ್ಟಿಕ್ ಸಮುದ್ರದ ಓಲಂಡ್ ದ್ವೀಪಗಳ ಒಂದು ಕುಟುಂಬದ ಬಗ್ಗೆ 1926ರಲ್ಲಿ ಬರೆದ. ಅವನ ಬಳಿಗೆ ಬಂದಿದ್ದವಳು ಐದು ವರ್ಷದ ಹುಡುಗಿ. ಅವಳ ಒಡಹುಟ್ಟಿದವರಲ್ಲಿ ಕೆಲವರು ಆಗಲೇ ರಕ್ತಸ್ರಾವದಿಂದ ತೀರಿಕೊಂಡಿದ್ದರು. ಆ ಹುಡುಗಿಯೂ 13ನೇ ವಯಸ್ಸಿನಲ್ಲಿ, ಮುಟ್ಟಿನ ರಕ್ತ ನಿಲ್ಲದೆ ಸತ್ತಳು.

ಹುಟ್ಟಿನಿಂದ ಬರುವ ರಕ್ತಸ್ರಾವದ ತೊಂದರೆಗಳಲ್ಲಿ ಅತಿ ಸಾಮಾನ್ಯವಾದದ್ದು ಈ ಫಾನ್ ವಿಲ್ಲೆಬ್ರಾಂಡ್ ಅಂಶದ ಕೊರತೆಯೇ. ನಮ್ಮಲ್ಲಿ ಹುಡುಗಿಯರ ವಿಪರೀತ ಮುಟ್ಟನ್ನು ‘ಅದು ಇದ್ದದ್ದೇ’ ಎಂದು ತಳ್ಳಿಹಾಕಿ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುವುದು ವಾಡಿಕೆ. ಮೊದಲ ಮುಟ್ಟಿನಿಂದಲೇ ಹೀಗಿದ್ದರೆ, ಮೂಗಿನಲ್ಲೂ ಆಗಾಗ ರಕ್ತ ಬರುತ್ತಿದ್ದರೆ ಒಮ್ಮೆ ಈ ದಿಕ್ಕಿನಲ್ಲೂ ಯೋಚಿಸಬೇಕು.

ಕೊಲಾಜನ್ನಿಗೆ ಅಂಟಿದ ಪ್ಲೇಟ್‌ಲೆಟ್ ರೂಪವನ್ನೇ ಬದಲಿಸುತ್ತದೆ. ನಯವಾದ ಬಿಲ್ಲೆ ಹೋಗಿ ಸುತ್ತಲೂ ಕೈಕಾಲು ಚಾಚಿದ ಆಕೃತಿ ಬರುತ್ತದೆ. ಒಳಗಿನ ಚೀಲಗಳು ಒಡೆದು ಎಡಿಪಿ ಎಂಬ ರಾಸಾಯನಿಕ ಹೊರಬೀಳುತ್ತದೆ, ಅದರೊಡನೆ ಥ್ರಾಂಬಾಕ್ಸೇನ್ ಎಂಬುದೂ ತಯಾರಾಗುತ್ತದೆ. ಇವು ಪಕ್ಕದಲ್ಲಿ ಹಾದುಹೋಗುವ ಪ್ಲೇಟ್‌ಲೆಟ್‌ಗಳನ್ನೂ ಕೆರಳಿಸಿ ಕರೆದು ಕೂರಿಸುತ್ತವೆ. ಆಸ್ಪಿರಿನ್ ತಡೆಯುವುದು ಈ ಥ್ರಾಂಬಾಕ್ಸೇನನ್ನೇ. ಜಾನ್ ವೇನ್ 1971ರಲ್ಲಿ ಆಸ್ಪಿರಿನ್ನಿನ ಗುಟ್ಟು ಬಿಡಿಸಿದರು, 1982ರಲ್ಲಿ ಅವರಿಗೆ ನೊಬೆಲ್ ಬಂತು. ಪ್ಲೇಟ್‌ಲೆಟ್ಟಿಗೆ ಕೋಶಕೇಂದ್ರವಿಲ್ಲದ ಕಾರಣ ಆಸ್ಪಿರಿನ್ ಕೆಡಿಸಿದ ಕಿಣ್ವವನ್ನು ಅದು ಮತ್ತೆ ತಯಾರಿಸಿಕೊಳ್ಳಲಾರದು. ಹಾಗಾಗಿ ಇವತ್ತು ನುಂಗಿದ ಸಣ್ಣ ಮಾತ್ರೆಯ ಪ್ರಭಾವ ಆ ಪ್ಲೇಟ್‌ಲೆಟ್ ಸಾಯುವವರೆಗೂ ಇರುತ್ತದೆ.

ಹೀಗೆ ಕೆಲವೇ ನಿಮಿಷದಲ್ಲಿ ಗಾಯದ ಬಾಯಿಗೆ ಪ್ಲೇಟ್‌ಲೆಟ್‌ಗಳ ಬಿರಡೆ ಬೀಳುತ್ತದೆ. ಬೆರಳ ತುದಿಯ ಸಣ್ಣ ಗಾಯಕ್ಕೆ ಇದೇ ಹೆಚ್ಚುಕಡಿಮೆ ಸಾಕು. ಹೊರಗಿನಿಂದ ನಾವು ಮಾಡಬಹುದಾದ ಸಹಾಯವೆಂದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯುವುದು. ಹತ್ತು ನಿಮಿಷ ಬಿಡದೆ ಒತ್ತಬೇಕು. ನಿಂತಿತೇ ಎಂದು ನಡುನಡುವೆ ಎತ್ತಿ ನೋಡಿದರೆ ಕಟ್ಟುತ್ತಿದ್ದ ಬಿರಡೆ ಕಿತ್ತುಬರುತ್ತದೆ. ಕಾಫಿಪುಡಿ, ಅರಿಶಿನ ಮೆತ್ತಿದ್ದಕ್ಕೆ ರಕ್ತ ನಿಂತಿತು ಎನ್ನುವವರಿದ್ದಾರೆ. ಮೆತ್ತುವಾಗ ಒತ್ತಿ ಹಿಡಿದಿದ್ದರಲ್ಲ, ನಿಲ್ಲಿಸಿದ್ದು ಆ ಒತ್ತು ಎಂದು ನನ್ನ ಗುಮಾನಿ. ಪುಡಿಯನ್ನು ಆಮೇಲೆ ಆಸ್ಪತ್ರೆಯಲ್ಲಿ ತೊಳೆದು ತೆಗೆಯುವ ಕಷ್ಟ ಬೇರೆ.

ಬಿರಡೆ ಬಿದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದು ಸಡಿಲ. ಅದನ್ನು ಭದ್ರ ಮಾಡುವುದು ಫೈಬ್ರಿನ್ ಎಂಬ ನಾರು. ಇದರ ಕಚ್ಚಾವಸ್ತು ಫೈಬ್ರಿನೋಜನ್ ಯಕೃತ್ತಿನಲ್ಲಿ ತಯಾರಾಗಿ ರಕ್ತದಲ್ಲಿ ಕರಗಿಕೊಂಡೇ ಓಡಾಡುತ್ತಿರುತ್ತದೆ. ಥ್ರಾಂಬಿನ್ ಎಂಬ ಕಿಣ್ವ ಅದರ ಮೇಲಿನ ಒಂದೆರಡು ತುಣುಕನ್ನು ಕತ್ತರಿಸಿದರೆ ಸಾಕು, ಕರಗಿದ್ದ ಪ್ರೋಟೀನು ಎಳೆಯಾಗಿ ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಆರ್‌ಸಿಸಿ ಛಾವಣಿಯೊಳಗಿನ ಕಬ್ಬಿಣದ ಸರಳಿಗೆ ಇದನ್ನು ಹೋಲಿಸಬಹುದು, ಆದರೆ ಫೈಬ್ರಿನ್ ಎಳೆ ಬಾಗುತ್ತದೆ, ಎರಡು ಪಟ್ಟು ಉದ್ದಕ್ಕೆ ಎಳೆದರೂ ಹರಿಯದೆ ಹಿಂದೆ ಸರಿಯುತ್ತದೆ. 13ನೇ ಅಂಶ ಎಂಬ ಇನ್ನೊಂದು ಪ್ರೋಟೀನು ಬಂದು ಎಳೆಗಳನ್ನು ಅಡ್ಡಡ್ಡ ಬೆಸೆಯುತ್ತದೆ. ಈ ಕೊನೆಯ ಬೆಸುಗೆ ಇಲ್ಲದೆ ಹುಟ್ಟುವ ಕೂಸುಗಳಿವೆ, ಬಹಳ ಅಪರೂಪ. ಅವುಗಳ ರಕ್ತ ಹೆಪ್ಪುಗಟ್ಟುತ್ತದೆ, ಆದರೆ ಆ ಹೆಪ್ಪು ಬಾಳುವುದಿಲ್ಲ. ಹೊಕ್ಕುಳಬಳ್ಳಿಯ ತುದಿಯಿಂದ ದಿನಗಟ್ಟಲೆ ರಕ್ತ ಒಸರುವುದೇ ಎಷ್ಟೋ ಸಲ ಮೊದಲ ಸುಳಿವು.

ಅದೆಲ್ಲ ಸರಿ, ಥ್ರಾಂಬಿನ್ ಎಲ್ಲಿಂದ ಬಂತು? ರಕ್ತದಲ್ಲಿ ಅದು ಸದಾ ಇದ್ದಿದ್ದರೆ ನಾವು ಬದುಕುತ್ತಲೇ ಇರಲಿಲ್ಲ. ಅದು ಪ್ರೋಥ್ರಾಂಬಿನ್ ಎಂಬ ನಿದ್ದೆಯ ರೂಪದಲ್ಲಿರುತ್ತದೆ. ಅದನ್ನು ಎಬ್ಬಿಸುವ ಅಂಶವೂ ನಿದ್ದೆಯಲ್ಲೇ ಇರುತ್ತದೆ, ಅದನ್ನು ಎಬ್ಬಿಸುವುದೂ ಹಾಗೆಯೇ. ಒಂದರಿಂದ ಹದಿಮೂರರವರೆಗೆ ರೋಮನ್ ಅಂಕಿ ಕೊಟ್ಟು ಇವನ್ನು ಕರೆಯುತ್ತಾರೆ. ನಾಲ್ಕನೆಯದು ಪ್ರೋಟೀನೇ ಅಲ್ಲ, ಕ್ಯಾಲ್ಸಿಯಂ. ಆರನೆಯದು ಇಲ್ಲವೇ ಇಲ್ಲ, ಒಮ್ಮೆ ಹೆಸರಿಟ್ಟು ಆಮೇಲೆ ಕೈಬಿಟ್ಟರು. 1964ರಲ್ಲಿ ಇಂಗ್ಲೆಂಡಿನ ಮ್ಯಾಕ್‌ಫರ್ಲೇನ್ ಒಂದು ಕಡೆ, ಅಮೆರಿಕದ ಡೇವಿ ಮತ್ತು ರಾಟ್ನಾಫ್ ಇನ್ನೊಂದು ಕಡೆ, ಒಂದು ಅಂಶ ಮುಂದಿನದನ್ನು, ಅದು ಮತ್ತೊಂದನ್ನು ಎಬ್ಬಿಸುತ್ತ ಹೋಗುವ ಸರಣಿಯನ್ನು ಪ್ರಕಟಿಸಿದರು. ಅಮೆರಿಕದವರು ಅದನ್ನು ಜಲಪಾತ ಎಂದೇ ಕರೆದರು. ಆ ಜಲಪಾತದ ನೆತ್ತಿಯಲ್ಲಿ ಕೂತಿದ್ದದ್ದು 12ನೇ ಅಂಶ. ಅದಕ್ಕೆ ಇನ್ನೊಂದು ಹೆಸರು ಹೇಗ್‌ಮನ್ ಅಂಶ.

ಜಾನ್ ಹೇಗ್‌ಮನ್ ಅಮೆರಿಕದ ರೈಲ್ವೆಯಲ್ಲಿ ಬ್ರೇಕ್‌ಮನ್ ಆಗಿದ್ದವನು. ಶಸ್ತ್ರಕ್ರಿಯೆಗೆ ಮುಂಚೆ ಮಾಮೂಲಾಗಿ ಮಾಡುವ ರಕ್ತಪರೀಕ್ಷೆಯಲ್ಲಿ ಅವನ ರಕ್ತ ಗಾಜಿನ ಟ್ಯೂಬಿನಲ್ಲಿ ಎಷ್ಟು ಕಾದರೂ ಹೆಪ್ಪುಗಟ್ಟಲಿಲ್ಲ. ವೈದ್ಯರು ಬೆಚ್ಚಿರಬೇಕು. ಆದರೆ ಆ ಮನುಷ್ಯನಿಗೆ ಹುಟ್ಟಿದಾಗಿನಿಂದ ರಕ್ತಸ್ರಾವದ ತೊಂದರೆಯೇ ಇರಲಿಲ್ಲ! ಕ್ಲೀವ್‌ಲ್ಯಾಂಡಿನ ಆಸ್ಕರ್ ರಾಟ್ನಾಫ್ ಅವನ ರಕ್ತವನ್ನು ಜಾಲಾಡಿ, ಎಲ್ಲರಲ್ಲೂ ಇರುವ ಒಂದು ಪ್ರೋಟೀನು ಅವನಲ್ಲಿಲ್ಲ ಎಂದು 1955ರಲ್ಲಿ ತಿಳಿಸಿದ. ಗಾಜಿನ ಮೈಗೆ ಋಣ ವಿದ್ಯುದಂಶವಿದೆ. ಅದನ್ನು ಮುಟ್ಟಿದ ಕೂಡಲೇ ಎಚ್ಚರಗೊಳ್ಳುವ ಪ್ರೋಟೀನು ಇದೇ. ನಯವಾದ ಪ್ಲಾಸ್ಟಿಕ್ಕಿಗೆ ಇದನ್ನು ಅಷ್ಟು ಚುರುಕಾಗಿ ಎಬ್ಬಿಸುವ ಶಕ್ತಿಯಿಲ್ಲ. ಹಾವಿನ ಕಡಿತದ ಪರೀಕ್ಷೆಗೆ ಗಾಜೇ ಬೇಕೆನ್ನುವುದು ಇದಕ್ಕಾಗಿ.

ವಿಚಿತ್ರವೆಂದರೆ, ಹೇಗ್‌ಮನ್ನನ ರಕ್ತದಿಂದ 12ನೇ ಅಂಶ ಕಂಡುಹಿಡಿದ ರಾಟ್ನಾಫನೇ ಒಂಬತ್ತು ವರ್ಷದ ಮೇಲೆ ಅದನ್ನು ಜಲಪಾತದ ತುದಿಗೆ ಕೂರಿಸಿದ್ದು. ಟೆಸ್ಟ್‌ಟ್ಯೂಬಿನ ಮಟ್ಟಿಗೆ ಅದು ಸರಿ. ಮೈಯೊಳಗೆ ಹಾಗಿಲ್ಲ ಎನ್ನುವುದಕ್ಕೆ ಹೇಗ್‌ಮನ್ನನ ಗಾಯಗಳೇ ಸಾಕ್ಷಿ. ಮೈಯೊಳಗೆ ಸರಣಿಯನ್ನು ಶುರುಮಾಡುವುದು ಟಿಶ್ಯೂ ಫ್ಯಾಕ್ಟರ್ ಎಂಬ ಇನ್ನೊಂದು ಪ್ರೋಟೀನು. ಅದಿರುವುದು ರಕ್ತನಾಳದ ಹೊರಗಿನ ಜೀವಕೋಶಗಳ ಮೇಲೆ. ನಾಳ ಒಡೆಯದೆ ರಕ್ತಕ್ಕೂ ಅದಕ್ಕೂ ಭೇಟಿಯೇ ಆಗುವುದಿಲ್ಲ. ಒಡೆದಾಗ 7ನೇ ಅಂಶ ಅದಕ್ಕೆ ಕೂಡಿಕೊಂಡು ಒಂಚೂರು ಥ್ರಾಂಬಿನ್ ತಯಾರಾಗುತ್ತದೆ. ಆ ಚೂರು ಥ್ರಾಂಬಿನ್ ಪ್ಲೇಟ್‌ಲೆಟ್‌ಗಳನ್ನು ಇನ್ನಷ್ಟು ಕೆರಳಿಸಿ, 5, 8, 11ನೇ ಅಂಶಗಳನ್ನು ಎಬ್ಬಿಸುತ್ತದೆ. ಮುಂದಿನ ಕೆಲಸವೆಲ್ಲ ಪ್ಲೇಟ್‌ಲೆಟ್ಟಿನ ಮೈಮೇಲೆಯೇ ನಡೆದು ಥ್ರಾಂಬಿನ್ ಒಮ್ಮೆಗೇ ಉಕ್ಕುತ್ತದೆ. ಬಿರಡೆ ಬಿದ್ದಲ್ಲೇ ಫೈಬ್ರಿನ್ ಹೆಣೆದುಕೊಳ್ಳುವುದು ಇದರಿಂದ.

8ನೇ ಅಂಶ ಇಲ್ಲದಿದ್ದರೆ ಹಿಮೋಫಿಲಿಯಾ ಎ, 9ನೆಯದು ಇಲ್ಲದಿದ್ದರೆ ಹಿಮೋಫಿಲಿಯಾ ಬಿ. ಮೊದಲನೆಯದು ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಇಂಥವರಿಗೆ ಮುಳ್ಳು ಚುಚ್ಚಿದರೂ ಸಾವು ಎಂದು ಜನ ತಿಳಿದಿದ್ದಾರೆ. ಹಾಗೇನಿಲ್ಲ. ಅವರ ಪ್ಲೇಟ್‌ಲೆಟ್ ಬಿರಡೆ ಚೆನ್ನಾಗಿಯೇ ಬೀಳುತ್ತದೆ, ತರಚು ಗಾಯ ಮಾಮೂಲಿನಂತೆ ನಿಲ್ಲುತ್ತದೆ. ಕಷ್ಟವಿರುವುದು ಒಳಗೆ: ಮಂಡಿ, ಮೊಣಕೈ ಕೀಲುಗಳಲ್ಲಿ ರಕ್ತ ತುಂಬಿ ಊದುತ್ತದೆ, ಹಲ್ಲು ಕೀಳಿಸಿದ ಮೇಲೆ ನಿಂತಿದ್ದ ರಕ್ತ ಗಂಟೆಗಳ ನಂತರ ಮತ್ತೆ ಸುರಿಯುತ್ತದೆ. ಒಂಬತ್ತನೆಯದನ್ನು ಕ್ರಿಸ್‌ಮಸ್ ಅಂಶ ಎನ್ನುತ್ತಾರೆ. ಹಬ್ಬದ ಹೆಸರಲ್ಲ ಅದು, ಸ್ಟೀಫನ್ ಕ್ರಿಸ್‌ಮಸ್ ಎಂಬ ಹುಡುಗನದು. ಆದರೆ 1952ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಅವನ ಕಾಯಿಲೆ ಕುರಿತ ಲೇಖನ ಅಚ್ಚುಹಾಕಿದ್ದು ಕ್ರಿಸ್‌ಮಸ್ ವಾರದಲ್ಲೇ. ಆ ಸ್ಟೀಫನ್ ದೊಡ್ಡವನಾಗಿ, ತನ್ನನ್ನು ಉಳಿಸಲೆಂದು ಕೊಟ್ಟ ರಕ್ತದಿಂದಲೇ ಎಚ್‌ಐವಿ ತಗುಲಿ 1993ರಲ್ಲಿ ತೀರಿಕೊಂಡ. ನಮ್ಮಲ್ಲಿ ದಾವಣಗೆರೆಯ ಡಾ. ಸುರೇಶ್ ಹನಗವಾಡಿ, ಸ್ವತಃ ಹಿಮೋಫಿಲಿಯಾದೊಡನೆ ಬಾಳುತ್ತಲೇ, ಇಂಥ ಮಕ್ಕಳಿಗಾಗಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಕಟ್ಟಿದರು.

ಈಗ ಹಾವಿನ ವಿಷಯ. ಕೊಳಕುಮಂಡಲದ ವಿಷದಲ್ಲಿ 10ನೇ ಅಂಶವನ್ನೂ 5ನೇ ಅಂಶವನ್ನೂ ನೇರವಾಗಿ ಎಬ್ಬಿಸುವ ಕಿಣ್ವಗಳಿವೆ. ಅಂದರೆ ಆ ವಿಷ ರಕ್ತವನ್ನು ಹೆಪ್ಪುಗಟ್ಟಿಸುವಂಥದು. ಇದನ್ನು ಅರಿತ ಮ್ಯಾಕ್‌ಫರ್ಲೇನ್, ಜಲಪಾತದ ಲೇಖನಕ್ಕೂ 30 ವರ್ಷ ಮುಂಚೆ, 1934ರಲ್ಲಿ, ಬಾರ್ನೆಟ್ ಜೊತೆ ಸೇರಿ ಆ ವಿಷವನ್ನು ತೀರಾ ತೆಳ್ಳಗೆ ಮಾಡಿ ಹಿಮೋಫಿಲಿಯಾ ರೋಗಿಗಳ ಗಾಯಕ್ಕೆ ಹಚ್ಚಿ ರಕ್ತ ನಿಲ್ಲಿಸಿದ್ದ. ಇವತ್ತಿಗೂ ದೊಡ್ಡ ಲ್ಯಾಬುಗಳಲ್ಲಿ ಒಂದು ರಕ್ತಪರೀಕ್ಷೆಗೆ ಈ ವಿಷ ಬೇಕು. ಹಾಗಿದ್ದರೆ ಕಚ್ಚಿಸಿಕೊಂಡವರ ರಕ್ತ ಯಾಕೆ ನೀರಾಗುತ್ತದೆ? ವಿಷ ಗಾಯದ ಜಾಗಕ್ಕೆ ಸೀಮಿತವಾಗುವುದಿಲ್ಲ. ಮೈತುಂಬ ಥ್ರಾಂಬಿನ್ ಎದ್ದು, ಸಿಕ್ಕಸಿಕ್ಕಲ್ಲಿ ಫೈಬ್ರಿನ್ ಚೂರುಪಾರು ಹೆಣೆದುಕೊಂಡು, ಕೂಡಲೇ ಕರಗಿ, ಕೆಲವೇ ಗಂಟೆಗಳಲ್ಲಿ ಫೈಬ್ರಿನೋಜನ್ ದಾಸ್ತಾನೇ ಖಾಲಿ. ಆಮೇಲೆ ವಸಡಿನಲ್ಲಿ, ಮೂತ್ರದಲ್ಲಿ, ಸೂಜಿ ಚುಚ್ಚಿದ ಜಾಗದಲ್ಲೂ ರಕ್ತ. ಕಚ್ಚಿದ ಜಾಗವನ್ನು ಬ್ಲೇಡಿನಿಂದ ಕೊಯ್ಯುವ ಪದ್ಧತಿ ಎಷ್ಟು ಅಪಾಯ ಎನ್ನುವುದು ಇಲ್ಲಿ ಗೊತ್ತಾಗಬೇಕು: ನಿಲ್ಲಲು ಸಾಮಗ್ರಿಯೇ ಇಲ್ಲದ ರಕ್ತಕ್ಕೆ ಹೊಸ ಬಾಗಿಲು ತೆರೆದಂತೆ. ಆಂಟಿವೆನಮ್ ವಿಷವನ್ನು ಕಟ್ಟಿಹಾಕಬಲ್ಲದು, ಫೈಬ್ರಿನೋಜನ್ ಕೊಡಲಾರದು. ಅದನ್ನು ಯಕೃತ್ತೇ ಹೊಸದಾಗಿ ಮಾಡಬೇಕು, ಅದಕ್ಕೆ ಆರೇಳು ಗಂಟೆ ಬೇಕು. ಚಿಕಿತ್ಸೆಯ ನಂತರ ಗಾಜಿನ ಟ್ಯೂಬಿನ ಪರೀಕ್ಷೆಯನ್ನು ಆರು ಗಂಟೆಗೊಮ್ಮೆ ಮಾಡುವುದರ ಲೆಕ್ಕಾಚಾರ ಇದೇ. ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸಾಯುತ್ತಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ.

ಕೊಳಕುಮಂಡಲ ಮಾಡಿದ್ದೇನು? ಹೆಪ್ಪುಗಟ್ಟುವ ಕ್ರಿಯೆಯನ್ನು ಅದು ಕೆಡಿಸಲಿಲ್ಲ, ಅದರ ಎಲ್ಲೆಯನ್ನು ಅಳಿಸಿತು. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ದೊಡ್ಡಸ್ತಿಕೆ ಇರುವುದು ಆ ಎಲ್ಲೆಯಲ್ಲೇ. ಗಾಯದಿಂದ ಒಂದು ಕೂದಲೆಳೆ ಆಚೆ ರಕ್ತ ತಡೆಯಿಲ್ಲದೆ ಹರಿಯುತ್ತಿರುತ್ತದೆ. ಅಲ್ಲಿಗೆ ತಪ್ಪಿಸಿಕೊಂಡು ಬಂದ ಥ್ರಾಂಬಿನ್ನನ್ನು ಆಂಟಿಥ್ರಾಂಬಿನ್ ಹಿಡಿದು ಮುಗಿಸುತ್ತದೆ. ಇನ್ನೂ ಚೆಂದದ ಏರ್ಪಾಡು ಇನ್ನೊಂದಿದೆ: ಗಾಯವಿಲ್ಲದ ಅಸ್ತರಿಗೆ ಬಂದು ತಗುಲಿದ ಥ್ರಾಂಬಿನ್ ಪಕ್ಷವನ್ನೇ ಬದಲಿಸಿ, ಪ್ರೋಟೀನ್ ಸಿ ಎಂಬ ತಡೆಗಾರನನ್ನು ಎಬ್ಬಿಸುತ್ತದೆ. ಕಟ್ಟಿದ ಹೆಪ್ಪು ಗಂಟೆ ಕಳೆದಂತೆ ಕುಗ್ಗಿ ಬಿಗಿಯಾಗುತ್ತದೆ, ಪ್ಲೇಟ್‌ಲೆಟ್‌ಗಳು ಫೈಬ್ರಿನ್ ಎಳೆಗಳನ್ನು ಹಿಡಿದು ಒಳಕ್ಕೆ ಜಗ್ಗುತ್ತವೆ, ನಡುವೆ ಸಿಕ್ಕಿದ ಕೆಂಪುಕಣಗಳು ಒತ್ತಡಕ್ಕೆ ಮೂಲೆ ಮೂಲೆಯಾಗಿ ರೂಪಗೆಡುತ್ತವೆ. ಅಡಿಯಲ್ಲಿ ಹೊಸ ಚರ್ಮ ಕೂಡಿದ ಮೇಲೆ ಹಕ್ಕಳೆ ಉದುರುತ್ತದೆ. ಒಳಗಿನ ಹೆಪ್ಪನ್ನು ಪ್ಲಾಸ್ಮಿನ್ ಎಂಬ ಕಿಣ್ವ ತುಂಡು ತುಂಡಾಗಿ ಕತ್ತರಿಸುತ್ತದೆ. ಆ ತುಂಡುಗಳಲ್ಲಿ ಒಂದು ಡಿ-ಡೈಮರ್. ಕೋವಿಡ್ ಕಾಲದಲ್ಲಿ ಮನೆಮನೆಯವರೂ ರಿಪೋರ್ಟಿನಲ್ಲಿ ಓದಿ ಗಾಬರಿಯಾದ ಅದೇ ಹೆಸರು.

ಎಲ್ಲೆ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೂ ಹೇಗ್‌ಮನ್ನನೇ ಉದಾಹರಣೆ. 1968ರಲ್ಲಿ ಆತ ಬಿದ್ದು ಸೊಂಟದ ಭಾಗದ ಮೂಳೆ ಮುರಿದು ಹಾಸಿಗೆ ಹಿಡಿದ. ಟ್ಯೂಬಿನಲ್ಲಿ ಹೆಪ್ಪುಗಟ್ಟಲೊಲ್ಲದ ರಕ್ತದ ಆ ಮನುಷ್ಯ ಸತ್ತದ್ದು ಶ್ವಾಸಕೋಶದ ರಕ್ತನಾಳಕ್ಕೆ ಹೆಪ್ಪು ಬಂದು ಅಡ್ಡ ಕೂತದ್ದರಿಂದ. ಅಲುಗಾಡದೆ ಮಲಗಿದವರ ಕಾಲಿನ ಆಳದ ನಾಳಗಳಲ್ಲಿ ರಕ್ತ ನಿಧಾನವಾಗಿ, ಹೀಗೆ ಹೆಪ್ಪುಗಟ್ಟಿ, ಕಳಚಿ ಮೇಲೇರುತ್ತದೆ. ಮೂಳೆಯ ಆಪರೇಷನ್ ಆದವರನ್ನು ಮರುದಿನವೇ ಎಬ್ಬಿಸಿ ನಡೆಸುವುದನ್ನು ಕಂಡು ‘ಪಾಪ, ಮಲಗಲಿ ಬಿಡಿ’ ಎನ್ನುವ ನೆಂಟರು ಇದನ್ನು ತಿಳಿದಿರಬೇಕು.

ಇಂಥ ಹೆಪ್ಪನ್ನು ತಡೆಯಲು ಕೊಡುವ ಔಷಧಿಗಳನ್ನು ನಾವು ‘ರಕ್ತ ತೆಳು ಮಾಡುವ ಮಾತ್ರೆ’ ಎನ್ನುತ್ತೇವೆ. ರಕ್ತವೇನೂ ತೆಳುವಾಗುವುದಿಲ್ಲ, ಸರಣಿಯ ಯಾವುದೋ ಒಂದು ಮೆಟ್ಟಿಲು ನಿಧಾನವಾಗುತ್ತದೆ. ಹೊಸ ಮಾತ್ರೆಗಳಾದ ಅಪಿಕ್ಸಬಾನ್, ರಿವರೊಕ್ಸಬಾನ್ ತಡೆಯುವುದು ಕೊಳಕುಮಂಡಲ ಕೆರಳಿಸುವ ಅದೇ 10ನೇ ಅಂಶವನ್ನು. ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡವರು ನುಂಗುವ ಹಳೆಯ ಮಾತ್ರೆಗಳು, ವಾರ್ಫರಿನ್ ಮತ್ತು ಅಸೆನೊಕೌಮರಾಲ್, ಕೆಲಸ ಮಾಡುವುದು ವಿಟಮಿನ್ ಕೆ ವಿರುದ್ಧ. ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಕೊಬ್ಬಿಲ್ಲದ ಮೇವು ತಿಂದ ಕೋಳಿಮರಿಗಳ ಚರ್ಮದಡಿ ರಕ್ತ ಕಂಡು ಬೆನ್ನುಹತ್ತಿ ಪತ್ತೆ ಮಾಡಿದ ವಿಟಮಿನ್ ಇದು. 1943ರ ನೊಬೆಲ್ ಅವರಿಗೂ ಎಡ್ವರ್ಡ್ ಡಾಯ್ಸಿಗೂ ಬಂತು. ಯಕೃತ್ತು 2, 7, 9, 10ನೇ ಅಂಶಗಳನ್ನು ಸರಿಯಾಗಿ ಮಾಡಲು ಇದು ಬೇಕೇ ಬೇಕು. ಹಸುಗೂಸಿನಲ್ಲಿ ಇದರ ದಾಸ್ತಾನು ಕಡಿಮೆ, ತಾಯಿಹಾಲಿನಲ್ಲೂ ಹೆಚ್ಚಿಲ್ಲ. ಹುಟ್ಟಿದ ಕೂಡಲೇ ಮಗುವಿನ ತೊಡೆಗೆ ಹಾಕುವ ಇಂಜೆಕ್ಷನ್ ಇದರದ್ದು, ಬೇಡವೆನ್ನಬಾರದು.

ಮೆಂತ್ಯ, ಪಾಲಕ್, ನುಗ್ಗೆಸೊಪ್ಪಿನಂಥ ಹಸಿರಲ್ಲಿ ವಿಟಮಿನ್ ಕೆ ತುಂಬಿದೆ. ಅದಕ್ಕೇ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪನ್ನೇ ಬಿಟ್ಟುಬಿಡುವುದುಂಟು. ಬಿಡಬೇಕಿಲ್ಲ. ಒಂದು ವಾರ ದಿನಾ ಸೊಪ್ಪಿನ ಸಾರು, ಮುಂದಿನ ವಾರ ಏನೂ ಇಲ್ಲ ಎನ್ನುವ ಏರುಪೇರು ಬೇಡ, ಪ್ರಮಾಣ ಒಂದೇ ಸಮನಾಗಿರಲಿ; ರಕ್ತ ಹೆಪ್ಪುಗಟ್ಟುವ ಹೊತ್ತನ್ನು ಅಳೆಯುವ ಐಎನ್‌ಆರ್ ಪರೀಕ್ಷೆ ತಪ್ಪಿಸಬೇಡಿ. ಹಲ್ಲು ಕೀಳಿಸುವ ಮುನ್ನ ಈ ಮಾತ್ರೆಗಳನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ, ನುಂಗುತ್ತಿರುವ ವಿಷಯವನ್ನು ದಂತವೈದ್ಯರಿಗೆ ಹೇಳದೆ ಕುರ್ಚಿ ಏರಲೂಬೇಡಿ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕುವ ಬದಲು ಅದೇ ದಿನ ವೈದ್ಯರಿಗೆ ತೋರಿಸಿ.